ಹಾವು ಕಚ್ಚಿದಾಗ ಕೊಡುವ ಪ್ರತಿವಿಷದಿಂದಲೇ ಅಪಾಯವಾಗುವುದುಂಟೇ?

ಪ್ರತಿವಿಷವನ್ನು ಕುದುರೆಯ ರಕ್ತದಿಂದ ತಯಾರಿಸುವುದರಿಂದ ಅಲರ್ಜಿಯಾಗುತ್ತದೆಯೇ, ಮೊದಲು ಚರ್ಮದಲ್ಲಿ ಪರೀಕ್ಷೆ ಮಾಡಿ ಕೊಟ್ಟರೆ ಸುರಕ್ಷಿತವಲ್ಲವೇ ಎಂದು ಕೇಳಿದ್ದೀರಿ. ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯನಾಗಿ ಹೇಳುವುದಾದರೆ, ಅಲರ್ಜಿಯಾಗುವುದು ನಿಜ. ಆದರೆ ಆ ಪರೀಕ್ಷೆಯಿಂದ ಉಪಯೋಗವಿಲ್ಲ.

1890ರ ದಶಕದಲ್ಲಿ ಫ್ರೆಂಚ್ ವಿಜ್ಞಾನಿ ಅಲ್ಬರ್ಟ್ ಕಾಲ್ಮೆಟ್ ಮೊದಲಾದವರು ಪ್ರಾಣಿಗಳ ಸೀರಂ ಅನ್ನೇ, ಅಂದರೆ ರಕ್ತದ ತಿಳಿದ್ರವವನ್ನೇ, ನೇರವಾಗಿ ಬಳಸುತ್ತಿದ್ದರು. ಈಗ ಅದರಲ್ಲಿರುವ ಪ್ರತಿಕಾಯಗಳನ್ನು (ವಿಷಕ್ಕೆ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುವ ಪ್ರೋಟೀನ್‌ಗಳನ್ನು) ಬೇರ್ಪಡಿಸಿ, ಅನೇಕ ತಯಾರಿಕೆಗಳಲ್ಲಿ ಪೆಪ್ಸಿನ್‌ನಂತಹ ಕಿಣ್ವದಿಂದ ಕತ್ತರಿಸಿ, ಬೇಕಾದ ಭಾಗವನ್ನಷ್ಟೇ ಉಳಿಸಿಕೊಳ್ಳುತ್ತಾರೆ. ಎಷ್ಟು ಶುದ್ಧಗೊಳಿಸಿದರೂ ಅದು ಬೇರೆ ಪ್ರಾಣಿಯ ಪ್ರೋಟೀನೇ. ಮೈಗೆ ಸೇರಿದ ಕೆಲವೇ ನಿಮಿಷಗಳಿಂದ ಮೂರು ಗಂಟೆಯೊಳಗೆ ತುರಿಕೆ, ದದ್ದು, ವಾಂತಿ, ಉಬ್ಬಸ, ಕೆಲವೊಮ್ಮೆ ರಕ್ತದೊತ್ತಡದ ಕುಸಿತ ಕಾಣಿಸಿಕೊಳ್ಳಬಹುದು. ಇವುಗಳಲ್ಲಿ ಹೆಚ್ಚಿನವು ದೇಹಕ್ಕೆ ಮೊದಲೇ ಪರಿಚಯವಿದ್ದ ವಸ್ತುವಿನ ಮೇಲಿನ ಅಲರ್ಜಿಯ ಬಗೆಯವಲ್ಲದ ಕಾರಣ, ಚರ್ಮದ ಪರೀಕ್ಷೆ ಅವುಗಳನ್ನು ಮುಂಚಿತವಾಗಿ ಹಿಡಿಯಲಾರದು. ಕಾಯುವ ಹೊತ್ತಿನಲ್ಲಿ ವಿಷವಂತೂ ತನ್ನ ಕೆಲಸ ಮಾಡುತ್ತಲೇ ಇರುತ್ತದೆ.

ಆದ್ದರಿಂದ ನಾವು ನೆಚ್ಚಿಕೊಳ್ಳುವುದು ತೀವ್ರ ಅಲರ್ಜಿಯನ್ನು ಬೇಗ ತಗ್ಗಿಸುವ ಅಡ್ರಿನಲಿನ್ ಔಷಧವನ್ನು. ವಯಲ್‌ನಲ್ಲಿರುವ ಪುಡಿಗೆ ನೀರು ಬೆರೆಸಿ, ನೊರೆಯೇಳದಂತೆ ಮೆಲ್ಲಗೆ ತಿರುಗಿಸುತ್ತ ಕರಗಿಸುವಾಗಲೇ ಅಡ್ರಿನಲಿನ್ ತುಂಬಿದ ಸಿರಿಂಜ್ ಪಕ್ಕದಲ್ಲಿ ಸಿದ್ಧವಾಗಿರಬೇಕು. ಡ್ರಿಪ್ ಆರಂಭವಾದ ಮೇಲೆ ನಾನು ರೋಗಿಯ ಹಾಸಿಗೆಯ ಬಳಿಯಿಂದ ಕದಲುವುದಿಲ್ಲ. ರೋಗಿ ಕತ್ತು ಕೆರೆದುಕೊಳ್ಳತೊಡಗಿದರೂ, ಒಣಕೆಮ್ಮು ಶುರುವಾದರೂ ಡ್ರಿಪ್ ನಿಲ್ಲಿಸಿ, ವಯಸ್ಕರಾದರೆ 0.5 ಮಿ.ಗ್ರಾಂ ಅಡ್ರಿನಲಿನ್ ಅನ್ನು ತೊಡೆಯ ಸ್ನಾಯುವಿಗೆ ಕೊಡುತ್ತೇವೆ. ಎಲ್ಲವೂ ಶಮನವಾದ ಬಳಿಕ, ವಿಷದ ಲಕ್ಷಣ ಇನ್ನೂ ಇದ್ದರೆ, ಪ್ರತಿವಿಷವನ್ನು ನಿಧಾನವಾಗಿ ಮುಂದುವರಿಸುತ್ತೇವೆ. ಅಲರ್ಜಿಯಾಯಿತೆಂದು ಅದನ್ನು ಪೂರ್ತಿ ಕೈಬಿಡುವುದೇ, ನನ್ನ ದೃಷ್ಟಿಯಲ್ಲಿ, ದೊಡ್ಡ ತಪ್ಪು.

ಕಚ್ಚಿದ ಪ್ರತಿಯೊಂದು ಹಾವೂ ವಿಷ ಬಿಟ್ಟಿರುವುದಿಲ್ಲ. ರೆಪ್ಪೆ ಜೋಲುವುದು, ಉಸಿರಾಟ ಕುಂದುವುದು, ರಕ್ತ ಹೆಪ್ಪುಗಟ್ಟದಿರುವುದು, ಊತ ವೇಗವಾಗಿ ಮೇಲೇರುವುದು ಮುಂತಾದ ಲಕ್ಷಣಗಳಿಲ್ಲದಿದ್ದರೆ ರೋಗಿಯನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು ಗಮನಿಸುತ್ತೇವೆಯೇ ಹೊರತು ಪ್ರತಿವಿಷ ಕೊಡುವುದಿಲ್ಲ. ಅನಗತ್ಯವಾಗಿ ಕೊಟ್ಟಾಗ ಉಳಿಯುವುದು ಅಪಾಯ ಮಾತ್ರ. ಅಗತ್ಯವಿದ್ದಾಗ ಮಕ್ಕಳಿಗೂ ವಯಸ್ಕರಷ್ಟೇ ಪ್ರಮಾಣ ಬೇಕು, ಏಕೆಂದರೆ ಹಾವು ಎದುರಿಗಿರುವವರ ತೂಕ ನೋಡಿ ವಿಷ ಬಿಡುವುದಿಲ್ಲ. ಗರ್ಭಿಣಿಯರಿಗೂ ಕೊಡಲೇಬೇಕು.

ಮನೆಗೆ ಮರಳಿದ ಒಂದೆರಡು ವಾರದೊಳಗೆ ಜ್ವರ, ಕೀಲುನೋವು, ದದ್ದು ಕಾಣಿಸಿಕೊಂಡರೆ ಅದು ಸೀರಂ ಕಾಯಿಲೆ, ಅಂದರೆ ಪ್ರತಿವಿಷದ ಪ್ರೋಟೀನಿಗೆ ದೇಹ ತಡವಾಗಿ ತೋರುವ ಪ್ರತಿಕ್ರಿಯೆ ಆಗಿರಬಹುದು. ಪ್ರತಿವಿಷ ಪಡೆದಿದ್ದನ್ನು ವೈದ್ಯರಿಗೆ ಮರೆಯದೆ ತಿಳಿಸಿ.