ಹರಳು ಜಾಸ್ತಿಯಾದರೂ ಪಿಎಲ್‌ಎ-ಪಿಬಿಎಟಿ ಚಮಚ ಯಾಕೆ ಮುರಿಯುತ್ತೆ?

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ: ಪಿಎಲ್‌ಎ (ಗಟ್ಟಿಯಾದ, ಜೈವಿಕ ಮೂಲದ ಪ್ಲಾಸ್ಟಿಕ್) ಶೇ 80, ಪಿಬಿಎಟಿ (ಮೆತ್ತನೆಯ, ಮಣ್ಣಲ್ಲಿ ಕೊಳೆಯುವ ಪ್ಲಾಸ್ಟಿಕ್) ಶೇ 20 ಬೆರೆಸಿ ಅಚ್ಚಿನಲ್ಲಿ ಚಮಚ ಹೊಡೆದಿರಿ, ಬಿಸಿ ಚಹಾದಲ್ಲಿ ಅದು ಬಾಗಿತು. ಓವನ್‌ನಲ್ಲಿಟ್ಟು ಹರಳುಗಟ್ಟಿಸಿದಿರಿ. ಈಗ ಬಾಗೋದಿಲ್ಲ, ಆದರೆ ಲಟಕ್ಕನೆ ಮುರಿಯುತ್ತೆ. ಡಿಎಸ್‌ಸಿಯಲ್ಲಿ (ಮಾಲನ್ನು ಬಿಸಿ ಮಾಡುತ್ತಾ ಅದು ಹೀರುವ, ಬಿಡುವ ಶಾಖ ಅಳೆಯುವ ಪರೀಕ್ಷೆ) ಹರಳಿನ ಪ್ರಮಾಣ ಏರಿದೆ, ಹಾಗಿದ್ರೆ ಬಲ ಯಾಕೆ ಏರಲಿಲ್ಲ?

ನಾನು ಹುಬ್ಬಳ್ಳಿ ತಾರಿಹಾಳದ ಒಂದು ಸಣ್ಣ ಮೋಲ್ಡಿಂಗ್ ಯುನಿಟ್‌ನಲ್ಲಿ ಇದೇ ಕೆಲಸ ಮಾಡ್ತೀನಿ. ಬಾಗದೇ ಇರೋದು ಬೇರೆ, ಮುರಿಯದೇ ಇರೋದು ಬೇರೆ. ಹರಳು ಮೊದಲನೆಯದನ್ನು ಕೊಡುತ್ತೆ, ಎರಡನೆಯದನ್ನು ತಾನಾಗಿ ಕೊಡೋದಿಲ್ಲ.

ಪಿಎಲ್‌ಎ ಹರಳುಗಟ್ಟೋದು ಬಹಳ ನಿಧಾನ. ತಣ್ಣನೆಯ ಡೈಗೆ, ಅಂದರೆ ಅಚ್ಚಿಗೆ, ಹೊಡೆದರೆ ಅದಕ್ಕೆ ಸಮಯವೇ ಸಿಗೋದಿಲ್ಲ. ಹಾಗೆ ಹೊರಬಂದ ಮಾಲು 55–60 ಡಿಗ್ರಿ ದಾಟಿದ ಕೂಡಲೇ ಮೆತ್ತಗಾಗುತ್ತೆ, ಚಹಾ ಅದಕ್ಕಿಂತ ಬಿಸಿ ಇರುತ್ತೆ. ಓವನ್‌ನಲ್ಲಿ 100 ಡಿಗ್ರಿ ಹತ್ತಿರ ಇಟ್ಟಾಗ ಹರಳು ಬೆಳೆದು ಆಕಾರ ಹಿಡಿದು ನಿಲ್ಲಿಸುತ್ತವೆ. ಬರೀ ಪಿಎಲ್‌ಎ ಚಮಚ ಆಗಿದ್ದರೆ ಗಾಜಿನಂತಿದ್ದದ್ದು ಹಾಲಿನಂತೆ ಬೆಳ್ಳಗಾಗೋದು ಕಣ್ಣಿಗೇ ಕಾಣುತ್ತೆ. ನಿಮ್ಮದು ಪಿಬಿಎಟಿ ಸೇರಿ ಮೊದಲೇ ಮಬ್ಬಾಗಿರುತ್ತೆ, ಬಣ್ಣ ನಂಬಬೇಡಿ.

ಡಿಎಸ್‌ಸಿ ಲೆಕ್ಕವನ್ನೂ ಇನ್ನೊಮ್ಮೆ ನೋಡಿ. ಕರಗುವ ಶಾಖದಿಂದ, ಬಿಸಿ ಮಾಡುವಾಗ ಅಲ್ಲೇ ಹರಳುಗಟ್ಟಿದ ಶಾಖ ಕಳೆಯಬೇಕು, ಆಮೇಲೆ 93ರಿಂದ (ಪೂರ್ತಿ ಹರಳಾದ ಪಿಎಲ್‌ಎ ಕರಗಲು ಪ್ರತಿ ಗ್ರಾಂಗೆ ಬೇಕಾದ ಜೂಲ್) ಮಾತ್ರ ಅಲ್ಲ, 93 ಗುಣಿಲೆ 0.8ರಿಂದ ಭಾಗಿಸಬೇಕು, ಯಾಕಂದ್ರೆ ಮಾಲಿನಲ್ಲಿ ಪಿಎಲ್‌ಎ ಇರೋದೇ ಅಷ್ಟು. ಉದಾಹರಣೆಗೆ ಕರಗುವಾಗ 30, ಹರಳುಗಟ್ಟುವಾಗ 24 ಜೂಲ್ ಪ್ರತಿ ಗ್ರಾಂಗೆ ಬಂದರೆ, ಉಳಿದದ್ದು 6, ಅಂದರೆ ಸುಮಾರು ಶೇ 8 ಮಾತ್ರ. ಪಿಬಿಎಟಿ ಕೂಡ 110–120 ಡಿಗ್ರಿ ಸುತ್ತ ಅಗಲವಾಗಿ ಕರಗುತ್ತೆ, ಅದು ಪಿಎಲ್‌ಎ ಹರಳುಗಟ್ಟುವ ಗೆರೆಯ ಮೇಲೇ ಬಂದು ಕೂತು ಲೆಕ್ಕ ಕೆಡಿಸಬಹುದು.

ಈಗ ಮುರಿಯುವ ವಿಷಯ. ಮನೆಯಲ್ಲಿ ತುಪ್ಪ ಕಾಯಿಸಿ ನಿಧಾನ ಆರಲು ಬಿಟ್ಟರೆ ದಪ್ಪ ಹರಳು, ಬೇಗ ತಣ್ಣಗೆ ಮಾಡಿದರೆ ನುಣುಪು. ತುಪ್ಪ ಅಷ್ಟೇ, ಹರಳಿನ ಗಾತ್ರ ಬೇರೆ. ಪಿಎಲ್‌ಎದಲ್ಲೂ ಹರಳು ಶುರುವಾಗುವ ಬೀಜ ಕಡಿಮೆ ಇದ್ದರೆ ಹರಳಿನ ಉಂಡೆಗಳು ದೊಡ್ಡದಾಗುತ್ತವೆ, ಬಿರುಕು ಅವುಗಳ ಅಂಚು ಹಿಡಿದೇ ಓಡುತ್ತೆ. ಶೇ 1ರಷ್ಟು ಸಣ್ಣ ಟಾಲ್ಕ್ ಪುಡಿ ಬೆರೆಸಿ, ಡೈಯನ್ನೇ 100 ಡಿಗ್ರಿ ಆಸುಪಾಸು ಬಿಸಿ ಇಟ್ಟು ಹೊಡೆದು ನೋಡಿ. ಒಂದೊಂದು ಶಾಟ್‌ಗೆ ಸಮಯ ಜಾಸ್ತಿ ಹಿಡಿಯುತ್ತೆ, ಆದರೂ ಬೀಜ ಜಾಸ್ತಿ, ಹರಳು ಸಣ್ಣ.

ಇನ್ನೊಂದು, ಪಿಬಿಎಟಿ ಪಿಎಲ್‌ಎ ಜೊತೆ ನಿಜಕ್ಕೂ ಬೆರೆಯೋದಿಲ್ಲ. ಸಾರಿನ ಮೇಲಿನ ಒಗ್ಗರಣೆ ಎಣ್ಣೆಯಂತೆ ಹನಿಹನಿಯಾಗಿ ಉಳಿಯುತ್ತೆ. ಆ ಮೆತ್ತನೆ ಹನಿಗಳು ಸುತ್ತಲಿನ ಪಿಎಲ್‌ಎಯನ್ನು ಗಟ್ಟಿ ಹಿಡಿದಿದ್ದರೆ ಓಡಿಬರೋ ಬಿರುಕಿನ ಬಲವನ್ನು ತಾವು ಹೀರಿಕೊಳ್ಳುತ್ತವೆ. ಹಿಡಿತ ಇಲ್ಲದಿದ್ದರೆ ಕಳಚಿಕೊಳ್ಳುತ್ತವೆ, ಹರಳುಗಟ್ಟುವಾಗ ಪಿಎಲ್‌ಎ ಕುಗ್ಗೋದರಿಂದ ಆ ಅಂಚಿನ ಮೇಲೆ ಇನ್ನಷ್ಟು ಒತ್ತಡ. ಎರಡೂ ಪ್ಲಾಸ್ಟಿಕ್‌ಗಳ ಅಣು ಸರಪಳಿಗಳ ತುದಿಗೆ ಅಂಟಿ ಅವನ್ನು ಜೋಡಿಸುವ ಎಪಾಕ್ಸಿ ಮಾದರಿಯ ಚೈನ್ ಎಕ್ಸ್‌ಟೆಂಡರ್ ಸ್ವಲ್ಪ, ಅರ್ಧ ಪರ್ಸೆಂಟ್ ಒಳಗೆ, ಹಾಕಿ. ಜಾಸ್ತಿ ಹಾಕಿದರೆ ಸರಪಳಿಗೆ ಕವಲು ಹೆಚ್ಚಿ ಹರಳುಗಟ್ಟೋದಕ್ಕೇ ಅಡ್ಡಿ. ಒಂದು ಮಾತು: ಪಿಬಿಎಟಿ ಹಾಕಿದ ಮೇಲೆ ಎಳೆತದ ಬಲ ಬರೀ ಪಿಎಲ್‌ಎಗಿಂತ ಕಡಿಮೆಯೇ ಆಗುತ್ತೆ. ಮುರಿಯುವ ಮುನ್ನ ಎಷ್ಟು ಹಿಗ್ಗುತ್ತೆ ಅನ್ನೋದು ನಿಮಗೆ ಬೇಕಾದ ಅಳತೆ.

ಎಲ್ಲಕ್ಕಿಂತ ಮೊದಲು ತೇವ ನೋಡಿ. ಒಂದು ಮಳೆಗಾಲದಲ್ಲಿ ನಮ್ಮಲ್ಲಿ ಅರ್ಧ ಚೀಲ ಪಿಎಲ್‌ಎ ಬಾಯಿ ಕಟ್ಟದೇ ಎರಡು ದಿನ ಉಳಿದಿತ್ತು, ಹಾಗೇ ಹಾಪರ್‌ಗೆ ಸುರಿದೆವು. ನಾಝಲ್‌ನಿಂದ ಮಾಲು ನೀರಿನಂತೆ ಇಳಿಯಿತು, ಓವನ್‌ನಲ್ಲಿ ಎಂದಿಗಿಂತ ಬೇಗ ಹರಳುಗಟ್ಟಿತು, ನಾವು ಖುಷಿಪಟ್ಟೆವು. ಮರುದಿನ ಎರಡು ಬೆರಳಲ್ಲಿ ಒತ್ತಿದರೆ ಚಮಚದ ಕುತ್ತಿಗೆ ಪುಡಿ. ಕರಗುವ ಬಿಸಿಯಲ್ಲಿ ತೇವ ಪಿಎಲ್‌ಎಯ ಉದ್ದ ಸರಪಳಿಗಳನ್ನು ಕತ್ತರಿಸುತ್ತೆ. ತುಂಡು ಸರಪಳಿ ಸಲೀಸಾಗಿ ಸರಿದಾಡಿ ಬೇಗ ಹರಳಾಗುತ್ತೆ, ಆದರೆ ಒಂದು ಹರಳಿಂದ ಇನ್ನೊಂದಕ್ಕೆ ಕೊಂಡಿಯಾಗುವಷ್ಟು ಉದ್ದ ಉಳಿದಿರೋದಿಲ್ಲ. ನಿಮ್ಮ ಡಿಎಸ್‌ಸಿಯಲ್ಲಿ ಅಂಕಿ ಏರಿದ್ದು ಇದರಿಂದಲೂ ಇರಬಹುದು.

ತೇವ 250 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 250) ಒಳಗೆ ತನ್ನಿ. ಹರಳುಗಟ್ಟಿದ ಪಿಎಲ್‌ಎ ಕಾಳನ್ನು 80 ಡಿಗ್ರಿಯಲ್ಲಿ ನಾಲ್ಕು ತಾಸು ಒಣಗಿಸಿ, ಪಾರದರ್ಶಕ ಕಾಳಾದರೆ ಅಷ್ಟು ಬಿಸಿಗೆ ಒಂದಕ್ಕೊಂದು ಅಂಟಿಕೊಳ್ಳುತ್ತೆ, 50ರ ಒಳಗೇ ಇಡಿ, ಸಮಯ ಜಾಸ್ತಿ ಕೊಡಿ. ಅದಾದ ಮೇಲೂ ಮುರಿದರೆ ಮುರಿದ ಬಾಯಿಯ ಫೋಟೋ ಹಾಕಿ, ಬಾಗಿದ ಜಾಗದಲ್ಲಿ ಬಿಳಿ ಗೆರೆ ಮೂಡಿದೆಯೋ, ಗಾಜಿನಂತೆ ನುಣ್ಣಗೆ ಒಡೆದಿದೆಯೋ ನೋಡೋಣ.