ಪಿಟೀಲು ಹಿಡಿದು ಐರಿಶ್ ಸೆಷನ್‌ಗೆ ಹೋಗುವ ಮುನ್ನ

ಐರ್ಲೆಂಡಿನ ಲಿಮರಿಕ್‌ಗೆ ಬಂದು ನಾಲ್ಕು ತಿಂಗಳಾಯಿತು, ಪಾಳಿ ಮುಗಿದರೆ ಮನೆ, ಮನೆ ಬಿಟ್ಟರೆ ಆಸ್ಪತ್ರೆ. ಶಿವಮೊಗ್ಗದಲ್ಲಿ ಜೂನಿಯರ್ ಪರೀಕ್ಷೆಯವರೆಗೆ ಕಲಿತ ಪಿಟೀಲು ಪೆಟ್ಟಿಗೆಯಲ್ಲೇ ಇದೆ ಎಂದಿದ್ದೀರಿ. ಪಬ್ಬಿನ ಮೂಲೆಯಲ್ಲಿ ಕುಳಿತು ಐರಿಶ್ ಸಾಂಪ್ರದಾಯಿಕ ಸಂಗೀತ ನುಡಿಸುವವರ (ಆ ಕೂಟವೇ 'ಸೆಷನ್') ಜೊತೆ ಸೇರಬಹುದೇ, ಕುಡಿಯದವರನ್ನು ಹೇಗೆ ನೋಡುತ್ತಾರೆ, ಅದಾಗದಿದ್ದರೆ ನಾವೇ ಒಂದು ಗುಂಪು ಕಟ್ಟಬಹುದೇ ಎಂದೂ ಕೇಳಿದ್ದೀರಿ. ಅಕ್ಕ ಎಂದು ಕರೆದಿದ್ದೀರಲ್ಲ, ಆ ಸಲುಗೆಯಲ್ಲೇ ಹೇಳುತ್ತೇನೆ: ಧಾರಾಳವಾಗಿ ಸೇರಿ. ಆದರೆ ಮೊದಲ ಕೆಲವು ವಾರ ಪಿಟೀಲನ್ನು ಮನೆಯಲ್ಲೇ ಬಿಟ್ಟು, ಬರೀ ಕಿವಿ ತೆಗೆದುಕೊಂಡು ಹೋಗಿ.

ಕುಡಿತದ ಚಿಂತೆ ಬಿಡಿ. ಚಹಾ ಕೇಳಿ, ಸೋಡಾ ಕೇಳಿ, ಯಾರೂ ಹುಬ್ಬೇರಿಸುವುದಿಲ್ಲ. ಏನನ್ನೂ ಕೊಳ್ಳದೆ ಮೂರು ಗಂಟೆ ಕೂರುವುದು ಮಾತ್ರ ಸಭ್ಯತೆಯಲ್ಲ. ಮಗಳನ್ನು ಕರೆದೊಯ್ಯುವುದಾದರೆ ಗಡಿಯಾರ ನೋಡಿಕೊಳ್ಳಿ: ಚಿಕ್ಕ ಮಕ್ಕಳು ರಾತ್ರಿ 9ರ ನಂತರ ಪಬ್ಬಿನಲ್ಲಿ ಇರುವಂತಿಲ್ಲ, ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ 10ರ ತನಕ ಇರಬಹುದು. ಅನೇಕ ಸೆಷನ್‌ಗಳು ಶುರುವಾಗುವುದೇ 9.30ರ ಹೊತ್ತಿಗೆ. ಹಾಗಾಗಿ ಭಾನುವಾರ ಮಧ್ಯಾಹ್ನದವನ್ನು ಹುಡುಕಿ.

ಹೊರಗಿನವರಿಗೆ ಸೆಷನ್ ಎಂದರೆ ಯಾರು ಬೇಕಾದರೂ ಏನು ಬೇಕಾದರೂ ನುಡಿಸುವ ಜಾಗದಂತೆ ಕಾಣುತ್ತದೆ. ಹಾಗಲ್ಲ. ಅದು ನಮ್ಮೂರಿನ ಶನಿವಾರದ ಭಜನೆಯಂತೆ: ಬಾಗಿಲು ತೆರೆದೇ ಇರುತ್ತದೆ, ಆದರೆ ಯಾರು ಎತ್ತಿಕೊಡುತ್ತಾರೆ, ಯಾರು ತಾಳ ಹಿಡಿಯುತ್ತಾರೆ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತು. ಸಾಮಾನ್ಯವಾಗಿ ಒಬ್ಬಿಬ್ಬರಿಗೆ ಪಬ್ಬಿನವರೇ ಹಣ ಕೊಟ್ಟು ಸೆಷನ್ ನಡೆಸಲು ಹೇಳಿರುತ್ತಾರೆ; ಉಳಿದವರು ತಾವಾಗಿ ಬಂದವರು. ಆ ಒಬ್ಬಿಬ್ಬರು ಯಾರೆಂದು ನೋಡಿಕೊಂಡು, ಎರಡು ಮಟ್ಟುಗಳ (ಧಾಟಿಗಳ) ನಡುವಿನ ಬಿಡುವಿನಲ್ಲಿ ಕೇಳಿ ಕುಳಿತುಕೊಳ್ಳಿ. ಖಾಲಿ ಕುರ್ಚಿ ಎಂದು ಸೀದಾ ಹೋಗಿ ಕೂರಬೇಡಿ. ಅದು ಇನ್ನೂ ದಾರಿಯಲ್ಲಿರುವ ಯಾರೋ ಕಾನ್ಸರ್ಟಿನಾ (ಕೈಯಲ್ಲಿ ಹಿಡಿದು ತಿದಿಯೊತ್ತುವ ಪುಟ್ಟ ವಾದ್ಯ) ನುಡಿಸುವವರದ್ದಾಗಿರುತ್ತದೆ. ಗೊತ್ತಿಲ್ಲದ ಮಟ್ಟು ಬಂದಾಗ ಸುಮ್ಮನಿರುವುದೇ ಮರ್ಯಾದೆ. ಮಧ್ಯೆ ತಡಕಾಡುತ್ತಾ ಸ್ವರ ಸೇರಿಸುವವರನ್ನು ಯಾರೂ ಬಯ್ಯುವುದಿಲ್ಲ, ಆದರೆ ಮುಂದಿನ ವಾರ ಅವರಿಗೆ ಜಾಗವೂ ಸಿಗುವುದಿಲ್ಲ. ಮೇಕೆ ಚರ್ಮದ ತಮಟೆಯಂಥ ಬೌರಾನ್ ಒಂದಿದ್ದರೆ ಸಾಕು, ಗಿಟಾರ್ ಕೂಡ ಒಂದೇ. ಪಿಟೀಲು ಎಷ್ಟಿದ್ದರೂ ನಡೆಯುತ್ತದೆ, ಅದು ನಿಮ್ಮ ಅದೃಷ್ಟ.

ಈಗ ನಿಮ್ಮ ಪಿಟೀಲಿನ ವಿಷಯ. ಸ-ಪ-ಸ-ಪ ಶ್ರುತಿಯನ್ನು ಬಿಟ್ಟು ಪಾಶ್ಚಾತ್ಯರ ಜಿ-ಡಿ-ಎ-ಇಗೆ ತರಬೇಕು. ಹಳೆಯ ತಂತಿಯನ್ನೇ ಏರಿಸಲು ಹೋಗದೆ ಹೊಸ ತಂತಿ ಹಾಕಿಸಿ. ಬೆರಳು ತಡವರಿಸುವುದು ಒಂದೇ ಕಡೆ: ನಡುವಿನ ಎರಡು ತಂತಿಗಳ ಅಂತರ ನಮ್ಮಲ್ಲಿ ಪ-ಸ, ಇವರಲ್ಲಿ ಆ ನಡುವೆಯೂ ಸ-ಪ. ಅದು ಕೈಗೆ ಹತ್ತಿದರೆ ಉಳಿದದ್ದು ಪರಿಚಿತ. ಹೆಚ್ಚಿನ ಮಟ್ಟುಗಳು ಡಿ ಅಥವಾ ಜಿ ಶ್ರುತಿಯ ಶಂಕರಾಭರಣದ ಸ್ವರಗಳು. ಹರಿಕಾಂಭೋಜಿ, ಖರಹರಪ್ರಿಯಗಳ ಸ್ವರಗಳೂ ಧಾರಾಳವಾಗಿ ಬರುತ್ತವೆ. ಕುಣಿತದ ಮಟ್ಟುಗಳಲ್ಲಿ ಜಿಗ್ ಎಂದರೆ ನಿಮ್ಮ ತಿಶ್ರ (ಮೂರರ) ನಡೆ, ರೀಲ್ ಎಂದರೆ ಚತುರಶ್ರ (ನಾಲ್ಕರದು). ಎಂಟು ಬಾರ್‌ಗಳ (ತಾಳದ ಸುತ್ತುಗಳ) ಮೊದಲ ಭಾಗ ಎರಡು ಸಲ, ಎರಡನೆಯ ಭಾಗ ಎರಡು ಸಲ, ಒಟ್ಟು 32 ಬಾರ್. ಇದನ್ನು ಎರಡೋ ಮೂರೋ ಬಾರಿ ಸುತ್ತಿ, ನಿಲ್ಲಿಸದೆ ಇನ್ನೊಂದು ಮಟ್ಟಿಗೆ ಜಾರುತ್ತಾರೆ. ಜಾರುವ ಮುನ್ನ ಮುಂದಾಳು ತಲೆ ಎತ್ತಿ ನೋಡುತ್ತಾನೆ, ಕೆಲವರು 'ಹಪ್' ಎಂದು ಕೂಗುತ್ತಾರೆ, ಅಷ್ಟೇ ಸೂಚನೆ. ಉದ್ದ ಸ್ವರದ ಮೇಲೆ ಅವರು ಹಾಕುವ 'ರೋಲ್' ಮೇಲಿನ ಸ್ವರವನ್ನೂ ಕೆಳಗಿನ ಸ್ವರವನ್ನೂ ಒಂದೊಂದು ಬಾರಿ ಸೋಕಿ ಬರುತ್ತದೆ. ಗಮಕ ಕಲಿತ ಬೆರಳಿಗೆ ಅದು ಬೇಗ ಒಲಿಯುತ್ತದೆ. ಅಂದಹಾಗೆ, ಮುತ್ತುಸ್ವಾಮಿ ದೀಕ್ಷಿತರು ಬ್ರಿಟಿಷರ ಬ್ಯಾಂಡಿನಿಂದ ಕೇಳಿದ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಹಾಕಿ ಮಾಡಿದ ನೊಟ್ಟುಸ್ವರಗಳಲ್ಲಿ ಐರಿಶ್ ಮಟ್ಟುಗಳೂ ಇವೆ. ಇದು ನಿಮ್ಮ ಧೈರ್ಯಕ್ಕೆ ಹೇಳಿದ್ದು; ಸೆಷನ್‌ನಲ್ಲಿ ಉಪನ್ಯಾಸ ಕೊಡಬೇಡಿ.

ಕಲಿಯುವುದೆಲ್ಲಿ? ಐರಿಶ್ ಸಾಂಪ್ರದಾಯಿಕ ಸಂಗೀತಕ್ಕಾಗಿ 1951ರಲ್ಲಿ ಹುಟ್ಟಿದ ಕೋಲ್ಟಸ್ ಸಂಸ್ಥೆಯ ಶಾಖೆಗಳು ದೇಶದ ತುಂಬ ಇವೆ, ವಯಸ್ಕರಿಗೂ ತರಗತಿ ನಡೆಸುತ್ತವೆ. 'ಸ್ಲೋ ಸೆಷನ್' ಎಂಬ ಹೆಸರಿನಲ್ಲಿ ಕಲಿಯುವವರಿಗಾಗಿಯೇ ನಿಧಾನವಾಗಿ ನುಡಿಸುವ ಕೂಟಗಳಿವೆ. ನೀವು ಅಲ್ಲಿಂದಲೇ ಶುರು ಮಾಡಿ. ನಿಮ್ಮ ಪಕ್ಕದ ಕ್ಲೇರ್ ಕೌಂಟಿಯ ಪಿಟೀಲು ಶೈಲಿ ಹೆಚ್ಚು ಅವಸರವಿಲ್ಲದ್ದು, ಅಲ್ಲಿನ ಪಿಟೀಲುವಾದಕ ಮಾರ್ಟಿನ್ ಹೇಯ್ಸ್ ಅವರ ವಾದನ ಕೇಳಿ ನೋಡಿ. ಜುಲೈನಲ್ಲಿ ರಜೆ ಸಿಕ್ಕರೆ ಅದೇ ಕೌಂಟಿಯ ಮಿಲ್ಟೌನ್ ಮಾಲ್ಬೆ ಊರಿನ ವಿಲ್ಲಿ ಕ್ಲಾನ್ಸಿ ಬೇಸಿಗೆ ಸಂಗೀತ ಶಾಲೆಗೆ ಹೋಗಿ, 1973ರಿಂದ ನಡೆದುಬಂದಿದೆ. ಬೆಳಿಗ್ಗೆ ತರಗತಿ, ಆಮೇಲೆ ಊರಿನ ಯಾವ ಬಾಗಿಲು ತಳ್ಳಿದರೂ ಸಂಗೀತ.

ಇನ್ನು ಸ್ವಂತ ಗುಂಪು. ಕಟ್ಟಿ, ಆದರೆ ನಮ್ಮವರ ಒಂದು ಚಟದಿಂದ ಅದನ್ನು ಕಾಪಾಡಿಕೊಳ್ಳಿ. ನಾಲ್ಕು ಜನ ಭಾವಗೀತೆ ಹಾಡಲು ಕುಳಿತರೆ ಐದನೆಯವರು ಮೈಕು ತರುತ್ತಾರೆ, ಆರನೆಯವರು ಸ್ವಾಗತ ಭಾಷಣ ಸಿದ್ಧಪಡಿಸುತ್ತಾರೆ, ಮೂರನೆಯ ತಿಂಗಳಿಗೆ ಹಾಡುವವರಿಗಿಂತ ಊಟದ ವ್ಯವಸ್ಥೆಯವರೇ ಹೆಚ್ಚು. ಮೈಕು ಬೇಡ, ಕರೋಕೆ ಬೇಡ, ವೇದಿಕೆ ಬೇಡ. ಕುರ್ಚಿಗಳನ್ನು ದುಂಡಗೆ ಹಾಕಿ, ಸರದಿಯಂತೆ ಒಬ್ಬೊಬ್ಬರು ಒಂದೊಂದು ಎತ್ತಿಕೊಡಲಿ. ನಿಮ್ಮ ವಾರ್ಡಿನ ಫಿಲಿಪ್ಪೀನ್ಸ್ ಸಹೋದ್ಯೋಗಿಗಳಲ್ಲಿ ಗಿಟಾರ್ ಬಲ್ಲವರು ಖಂಡಿತ ಇದ್ದಾರೆ, ಅವರನ್ನೂ ಕರೆಯಿರಿ. ಅಪಾರ್ಟ್‌ಮೆಂಟಿನ ಗೋಡೆ ತೆಳು, ಪಕ್ಕದವರದ್ದೂ ಪಾಳಿ ಕೆಲಸವೇ. ಸಮುದಾಯ ಭವನದ ಕೋಣೆ ಹಿಡಿಯಿರಿ, ಬಾಡಿಗೆ ಹಂಚಿಕೊಳ್ಳಿ. ಕೋಣೆ ಕೊಡುವವರು ಪಬ್ಲಿಕ್ ಲಯಬಿಲಿಟಿ ವಿಮೆ (ಬಂದವರಿಗೆ ಪೆಟ್ಟಾದರೆ ಪರಿಹಾರ ಭರಿಸುವಂಥದ್ದು) ಕೇಳುವುದುಂಟು, ಮೊದಲೇ ವಿಚಾರಿಸಿ.

ಎರಡರಲ್ಲಿ ಯಾವುದು ಮೊದಲು ಎಂದರೆ ಸೆಷನ್ನೇ. ಅಲ್ಲಿ ಒಂದು ಚಳಿಗಾಲ ಕಳೆದರೆ, ನಿಮ್ಮ ಗುಂಪಿಗೆ ಕರೆಯಲು ಊರಿನ ನಾಲ್ಕು ಜನರೂ ಪರಿಚಯವಾಗಿರುತ್ತಾರೆ. ನಾನಿರುವ ಎನ್ನಿಸ್ ನಿಮ್ಮಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗೆ. ಪಾಳಿಯ ಪಟ್ಟಿ ಬಂದ ಮೇಲೆ ಬಿಡುವಿನ ದಿನ ತಿಳಿಸಿ, ನಾನೇ ಕರೆದೊಯ್ಯುತ್ತೇನೆ. ರಾತ್ರಿ ನಮ್ಮಲ್ಲೇ ಉಳಿಯುವಿರಂತೆ. ಸೆಷನ್ ಮುಗಿಯುವ ಹೊತ್ತಿಗೆ ವಾಪಸ್ ರೈಲು ಇರುವುದಿಲ್ಲ.