ಪಕ್ಕದ ಸೀಟಿನ ಪಿಸುಮಾತು

ಪ್ರಶ್ನೆ: ಸಕ್ಕರೆ ಕಾಯಿಲೆಯಿಂದ ನಮ್ಮ ಚಿಕ್ಕಪ್ಪನ ದೃಷ್ಟಿ ಹೋಗಿ ಎರಡು ವರ್ಷವಾಯಿತು. ಮೊದಲಿಂದಲೂ ಸಿನಿಮಾ ಹುಚ್ಚು. ಥಿಯೇಟರಿಗೆ ಕರೆದುಕೊಂಡು ಹೋಗಿ ಕಿವಿಯಲ್ಲಿ ಕಥೆ ಹೇಳಿದರೆ ಮುಂದಿನ ಸಾಲಿನವರು ತಿರುಗಿ ಗದರುತ್ತಾರೆ. ಕಣ್ಣು ಕಾಣದವರು ಸಿನಿಮಾ 'ನೋಡಲು' ಏನೋ ಆ್ಯಪ್ ಬಂದಿದೆಯಂತಲ್ಲ?
– ಓದುಗರೊಬ್ಬರು, ಹರಿಹರ

ಉತ್ತರ: 'ನೋಡಲು' ಎಂಬುದಕ್ಕೆ ನೀವು ಹಾಕಿದ ಚಿಹ್ನೆಯನ್ನೂ ನನ್ನ ಫೋನು ಓದಿ ಹೇಳಿತು. ಅದು ಬೇಕಿರಲಿಲ್ಲ. ಹುಟ್ಟಿನಿಂದ ಕಣ್ಣು ಕಾಣದ ನಾನು 50 ವರ್ಷದಿಂದ ಸಿನಿಮಾ ನೋಡುತ್ತಿದ್ದೇನೆ, ಹಾಗೆಂದೇ ಹೇಳುತ್ತೇನೆ. ಚಿಕ್ಕಂದಿನಲ್ಲಿ ಟೆಂಟಿನಲ್ಲಿ ಕಥೆ ಹೇಳುವ ಕೆಲಸ ತಮ್ಮನದು, ಲಂಚ ಒಂದು ಗೋಲಿ ಸೋಡಾ. ಫೈಟು ಶುರುವಾದರೆ ನಾನು ಪಕ್ಕದಲ್ಲಿರುವುದೇ ಅವನಿಗೆ ಮರೆತುಹೋಗುತ್ತಿತ್ತು. 'ಏನಾಯ್ತೋ?' ಅಂದರೆ 'ತಾಳಣ್ಣ, ಹೊಡೀತಿದಾನೆ' ಎನ್ನುತ್ತಿದ್ದ. ಯಾರು ಯಾರಿಗೆ ಹೊಡೆದರು ಎಂಬುದು ತಿಳಿಯುತ್ತಿದ್ದದ್ದು ಇಂಟರ್‌ವಲ್ಲಿನಲ್ಲಿ.

ನೀವು ಮಾಡುತ್ತಿರುವ ಪಿಸುಮಾತಿನ ಕೆಲಸಕ್ಕೆ ಈಗ ಆಡಿಯೊ ಡಿಸ್ಕ್ರಿಪ್ಷನ್ ಎನ್ನುತ್ತಾರೆ. ಮಾತು ಮಾತಿನ ನಡುವಿನ ಬಿಡುವಿನಲ್ಲಿ, ಪರದೆಯ ಮೇಲೆ ಏನಾಗುತ್ತಿದೆ ಎಂದು ಒಂದು ದನಿ ಚುಟುಕಾಗಿ ಹೇಳುತ್ತದೆ. ನೀವು ಕೇಳಿದ್ದು ಬಹುಶಃ 'ಎಕ್ಸ್‌ಎಲ್ ಸಿನಿಮಾ' ಎಂಬ ಆ್ಯಪ್ ಬಗ್ಗೆ. ಚಿತ್ರದ ವಿವರಣೆಯನ್ನು ಮನೆಯಲ್ಲೇ ಫೋನಿಗೆ ಇಳಿಸಿಕೊಂಡು ಹೋಗಬೇಕು. ಥಿಯೇಟರಿನಲ್ಲಿ ಫೋನು ಚಿತ್ರದ ಸದ್ದನ್ನು ಕೇಳಿಸಿಕೊಂಡು, ಅದಕ್ಕೆ ಸರಿಯಾಗಿ ವಿವರಣೆಯನ್ನು ಇಯರ್‌ಫೋನಿಗೆ ಕಳಿಸುತ್ತದೆ. ಇಯರ್‌ಫೋನ್ ಒಂದೇ ಕಿವಿಗಿರಲಿ, ಇನ್ನೊಂದು ಕಿವಿ ಥಿಯೇಟರಿಗೆ. ಎಲ್ಲ ಚಿತ್ರಕ್ಕೂ ವಿವರಣೆ ಇರುವುದಿಲ್ಲವಾದ್ದರಿಂದ, ಟಿಕೆಟ್ ತೆಗೆಯುವ ಮೊದಲು ಆ್ಯಪ್‌ನಲ್ಲಿ ನೋಡಿಕೊಳ್ಳಿ.

ವಿವರಣೆ ಬರೆಯುವುದು ಸುಲಭವಲ್ಲ. ಹೋದ ವರ್ಷ ಒಬ್ಬಳು ಹುಡುಗಿ ತನ್ನ ಕಿರುಚಿತ್ರಕ್ಕೆ ವಿವರಣೆ ಬರೆದು ತಂದು ನನಗೆ ಓದಿ ಹೇಳಿದಳು. ಅಡುಗೆಮನೆ ದೃಶ್ಯ, ಸಿಗುವ ಬಿಡುವು 4 ಸೆಕೆಂಡು. 'ಬೇಸರಗೊಂಡ ಅತ್ತೆ ಕಾಫಿ ಕೊಡುತ್ತಾಳೆ' ಎಂದಿತ್ತು. ಬೇಸರ ಅಂತ ನಿನಗೆ ಹೇಗೆ ಗೊತ್ತಾಯಿತಮ್ಮ ಎಂದು ಕೇಳಿದೆ. 'ಲೋಟ ಸೊಸೆ ಕಡೆ ತಳ್ತಾಳೆ ಸರ್, ಮುಖ ನೋಡಲ್ಲ.' ಹಾಗಾದರೆ ಅದನ್ನೇ ಬರಿ ಎಂದೆ. 'ಲೋಟವನ್ನು ಸೊಸೆಯತ್ತ ತಳ್ಳುತ್ತಾಳೆ, ಮುಖ ನೋಡದೆ.' ನಾಲ್ಕು ಸೆಕೆಂಡಿಗೆ ಸರಿಹೋಯಿತು. ಬೇಸರ ನಾನೇ ಪಟ್ಟುಕೊಂಡೆ.

ಕಾನೂನೂ ನಿಮ್ಮ ಚಿಕ್ಕಪ್ಪನ ಕಡೆಗಿದೆ. 2023ರ ಜನವರಿಯಲ್ಲಿ 'ಪಠಾಣ್' ಚಿತ್ರದ ಒಟಿಟಿ ಬಿಡುಗಡೆಗೆ ಆಡಿಯೊ ಡಿಸ್ಕ್ರಿಪ್ಷನ್ ಸಿದ್ಧಪಡಿಸಿ ಎಂದು ದೆಹಲಿ ಹೈಕೋರ್ಟ್ ಹೇಳಿತು. 2024ರ ಮಾರ್ಚ್ 15ರಂದು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಥಿಯೇಟರುಗಳಿಗೇ ಮಾರ್ಗಸೂಚಿ ಹೊರಡಿಸಿತು. ಇಂಥ ಸೌಲಭ್ಯ ಒದಗಿಸಲು, ಒಂದಕ್ಕಿಂತ ಹೆಚ್ಚು ಭಾಷೆಯಲ್ಲಿ ಸೆನ್ಸಾರ್ ಸರ್ಟಿಫಿಕೇಟ್ ಪಡೆಯುವ ಚಿತ್ರಗಳಿಗೆ 6 ತಿಂಗಳು, ಮಿಕ್ಕವಕ್ಕೆ 2 ವರ್ಷ ಗಡುವು ಕೊಟ್ಟಿತು. ನಾನು ಈಚೆಗೆ ಒಂದು ಥಿಯೇಟರಿಗೆ ಫೋನ್ ಮಾಡಿ ವಿಚಾರಿಸಿದಾಗ ಆ ಕಡೆಯಿಂದ ಬಂದ ಉತ್ತರ: 'ರ್‍ಯಾಂಪ್ ಇದೆ ಸರ್.' ನನ್ನ ಕಾಲು ಚೆನ್ನಾಗಿಯೇ ಇದೆ.

ಪ್ರಶ್ನೆ: ಕನ್ನಡ ಸಿನಿಮಾಕ್ಕೆ ಕನ್ನಡದಲ್ಲೇ ಸಬ್‌ಟೈಟಲ್ ಕೊಡಿ ಎನ್ನುವುದು ತಮಾಷೆಯಲ್ಲವೇ?
– ಓದುಗರೊಬ್ಬರು, ತುಮಕೂರು

ಉತ್ತರ: ಕಿವಿ ಕೇಳಿಸುವವರಿಗೆ ತಮಾಷೆ. ಕನ್ನಡ ಶಾಲೆಯಲ್ಲಿ ಓದುತ್ತಿರುವ, ಕಿವಿ ಕೇಳದ ಮಗುವಿಗೆ ಇಂಗ್ಲಿಷ್ ಸಬ್‌ಟೈಟಲ್ ಇಟ್ಟು ಏನು ಪ್ರಯೋಜನ? ಅದೂ ಅಲ್ಲದೆ ಆ ಮಗುವಿಗೆ ಬೇಕಾದದ್ದು ಬರೀ ಸಂಭಾಷಣೆಯಲ್ಲ. 'ಹಿಂದಿನಿಂದ ಬಾಗಿಲು ಬಡಿದ ಸದ್ದು' ಎಂದು ಬರೆಯದಿದ್ದರೆ ನಾಯಕಿ ಯಾಕೆ ಬೆಚ್ಚಿ ತಿರುಗಿದಳೆಂದು ಹೇಗೆ ಗೊತ್ತಾಗಬೇಕು? ಹೀಗೆ ಸದ್ದನ್ನೂ ಬರೆದು ತೋರಿಸುವುದಕ್ಕೆ ಕ್ಯಾಪ್ಷನ್ ಎನ್ನುತ್ತಾರೆ. ಮೇಲೆ ಹೇಳಿದ ಮಾರ್ಗಸೂಚಿ ಅದನ್ನೂ ಕೇಳುತ್ತದೆ.

ಪ್ರಶ್ನೆ: ಕಣ್ಣಿಲ್ಲದವರ, ಉಗ್ಗುವವರ ಪಾತ್ರ ಇಟ್ಟು ನಗಿಸಿದರೆ ನಿಮಗೆ ಸಿಟ್ಟು ಬರುತ್ತದೆಯೇ?
– ಓದುಗರೊಬ್ಬರು, ಗದಗ

ಉತ್ತರ: ಜೋಕು ಕೆಟ್ಟದಾಗಿದ್ದರೆ ಬರುತ್ತದೆ. ನಾನು ಬ್ಯಾಂಕಿನಲ್ಲಿ 27 ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದವನು. ಒಂದು ಮಳೆಗಾಲದ ಸಂಜೆ ಕರೆಂಟ್ ಹೋಗಿ ಇಡೀ ಆಫೀಸು ಗೋಡೆ ತಡವುತ್ತಿದ್ದಾಗ ನಾನೊಬ್ಬನೇ ಎಂದಿನಂತೆ ಎದ್ದು ಹೋಗಿ ನೀರು ಕುಡಿದು ಬಂದೆ. 'ಬನ್ನಿ ಬನ್ನಿ, ಇವತ್ತು ಎಲ್ಲರಿಗೂ ನನ್ನ ಬ್ರ್ಯಾಂಚಿಗೆ ಟ್ರಾನ್ಸ್‌ಫರ್' ಎಂದಿದ್ದಕ್ಕೆ ಮ್ಯಾನೇಜರೂ ನಕ್ಕರು. ಈ ಬಗೆಯ ಹಾಸ್ಯ ಬೇರೆ, ನಮ್ಮನ್ನು ಕೀಳಾಗಿಸುವ ಹಾಸ್ಯ ಬೇರೆ. 2024ರ ಜುಲೈ 8ರಂದು ಸಿನಿಮಾದಲ್ಲಿ ಅಂಗವಿಕಲರನ್ನು ತೋರಿಸಿದ ಬಗೆಯನ್ನು ಪ್ರಶ್ನಿಸಿ ನಿಪುನ್ ಮಲ್ಹೋತ್ರಾ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ಎರಡನ್ನೂ ಬೇರೆ ಮಾಡಿಯೇ ನೋಡಿತು.

ನನಗೆ ನಿಜಕ್ಕೂ ಮೈ ಉರಿಯುವುದು ಕೊನೇ ರೀಲಿನಲ್ಲಿ ದೇವಸ್ಥಾನದ ಗಂಟೆ ಬಾರಿಸಿ ಕುರುಡ ನಾಯಕನಿಗೆ ದೃಷ್ಟಿ ಬಂದಾಗ. ಎರಡೂವರೆ ಗಂಟೆ ನನ್ನ ಜೊತೆಗಿದ್ದವನು ಕೈಬಿಟ್ಟು ಹೋದ ಹಾಗೆ! ಇನ್ನೊಂದು, ಸಿನಿಮಾದ ಕುರುಡರೆಲ್ಲ ಹಾಡುತ್ತಾರೆ. ನಾನು ಹಾಡಿದರೆ ಮನೆಯವರು ಕಿಟಕಿ ಮುಚ್ಚುತ್ತಾರೆ.

ಪ್ರಶ್ನೆ: ಹಳೆಯ ಕನ್ನಡ ಚಿತ್ರಗಳಲ್ಲಿ ಯಾವುದಕ್ಕೆ ಮೊದಲು ಆಡಿಯೊ ಡಿಸ್ಕ್ರಿಪ್ಷನ್ ಆಗಬೇಕು ಅಂತೀರಿ?
– ಓದುಗರೊಬ್ಬರು, ಮೈಸೂರು

ಉತ್ತರ: 'ನಾಂದಿ'. ಎನ್. ಲಕ್ಷ್ಮೀನಾರಾಯಣ್ ಅವರ 1964ರ ಚಿತ್ರ. ರಾಜಕುಮಾರ್ ಅವರ ಮಾತು ನನಗೆ ಬಹುಪಾಲು ಬಾಯಿಪಾಠ. ಹರಿಣಿಯವರದು ಕಿವಿ ಕೇಳದ, ಮಾತು ಬಾರದ ಹೆಂಡತಿಯ ಪಾತ್ರ. ಆ ದೃಶ್ಯಗಳಲ್ಲಿ ನನ್ನ ಪಾಲಿಗೆ ಬರುವುದು ಸಂಗೀತ, ಆಮೇಲೆ ಮೌನ. ಟೆಂಟಿನಲ್ಲಿ ತಮ್ಮ ಹೇಳಿದ್ದು ಇಷ್ಟೇ: 'ಅವಳು ಕೈಯಲ್ಲಿ ಏನೋ ಹೇಳ್ತಿದಾಳೆ.' ಏನು ಹೇಳಿದಳು ಎಂದು ಮೊನ್ನೆ ಫೋನ್ ಮಾಡಿ ಕೇಳಿದೆ. ಅವನಿಗೀಗ ನೆನಪಿಲ್ಲವಂತೆ.